ಮುಂದಿನ ಚಕ್ರ ನೇರ ಕೂರಬೇಕಾದರೆ ಮೇಲಿನಿಂದ ಶುರು ಮಾಡಿ

ಪೇಂಟ್ ಹೊಸದು, ಕ್ರೋಮ್ ಫಳಫಳ ಅನ್ನುತ್ತಿದೆ. ಟೆಸ್ಟ್ ರೈಡ್‌ಗೆ ಹೊರಟರೆ ಗಾಡಿ ನೇರ ಹೋಗುತ್ತದೆ, ಹ್ಯಾಂಡಲ್ ಮಾತ್ರ ಎಡಕ್ಕೆ ತಿರುಗಿರುತ್ತದೆ. ಹಳೇ ಗಾಡಿ ಕಟ್ಟುವವರು ಆಗ ಮೊದಲು ಕೈ ಹಾಕುವುದು ಚಕ್ರಕ್ಕೆ. ನಾನು ಹೇಳುವುದು, ಮೊದಲು ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಎರಡು ಕಾಲು; ಚಕ್ರ ಆಮೇಲೆ ನೋಡೋಣ.

ಈಚೆಗೆ ಒಂದು ಹಳೇ ಜಾವಾ 250 ಬಂದಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಂದರೆ ಅಲ್ಲಿಂದ ಕೊನೆಗೆ ಹೊರಬಂದ ಯೆಜ್ಡಿಗೂ ಈಗ ವಯಸ್ಸಾಗಿದೆ, 1960ರ ದಶಕದ ಜಾವಾ ಬಗ್ಗೆ ಹೇಳುವುದೇ ಬೇಡ. ಇಷ್ಟು ವರ್ಷದಲ್ಲಿ ಒಂದು ಸಲವೂ ಬೀಳದ ಗಾಡಿ ಸಿಗುವುದು ಕಷ್ಟ, ಅಲ್ವಾ? ಬಿದ್ದಾಗ ಫೋರ್ಕ್ ಪೈಪ್ ಬೆಂಡ್ ಆಗಲೇಬೇಕು ಅಂತಿಲ್ಲ. ಎಷ್ಟೋ ಸಲ ಅವು ಟಿ (ಎರಡೂ ಪೈಪನ್ನು ಜೋಡಿಸಿ ಹಿಡಿಯುವ ಅಡ್ಡ ಭಾಗ) ಒಳಗೆ ತಿರುಚಿಕೊಂಡಿರುತ್ತವೆ, ಅಷ್ಟೇ.

ಇದನ್ನು ಪತ್ತೆ ಮಾಡಲು ಅಂಗೈ ಅಗಲದ, ಎರಡೂ ಪೈಪ್‌ಗೆ ತಾಗುವಷ್ಟು ಉದ್ದದ ಒಂದು ದಪ್ಪ ಗಾಜು ಸಾಕು. ಕವರ್ ಬಿಚ್ಚಿ, ಎರಡೂ ಪೈಪ್‌ಗೆ ತಾಗುವಂತೆ ಗಾಜನ್ನು ಅಡ್ಡ ಒತ್ತಿ ಹಿಡಿಯಿರಿ. ಮೂಲೆಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ. ಅಲುಗಾಡದಿದ್ದರೆ ಪೈಪ್‌ಗಳು ಸಮ ಇವೆ. ಒಂದು ಮೂಲೆ ಟಕ್ ಟಕ್ ಅಂದರೆ ತಿರುಚಿವೆ. ಆ ಜಾವಾದಲ್ಲಿ ಬಲಗಡೆಯ ಕೆಳಮೂಲೆ ಹಾಗೇ ಸದ್ದು ಮಾಡಿತು. ಕೆಳಗಿನ ಟಿ ಬೋಲ್ಟ್, ಮೇಲಿನ ನಟ್ ಸಡಿಲಿಸಿ, ಚಕ್ರವನ್ನು ಮೊಣಕಾಲ ನಡುವೆ ಬಿಗಿ ಹಿಡಿದು ಹ್ಯಾಂಡಲ್ ತಿರುಗಿಸಿದೆ. ಎರಡನೇ ಪ್ರಯತ್ನಕ್ಕೆ ಗಾಜು ಸುಮ್ಮನಾಯಿತು. ಪೈಪೇ ಬೆಂಡ್ ಆಗಿದ್ದರೆ ಈ ಉಪಾಯ ನಡೆಯಲ್ಲ. ಬಿಚ್ಚಿ, ಸಮತಟ್ಟು ಗಾಜಿನ ಮೇಲೆ ಉರುಳಿಸಿ ನೋಡಲೇಬೇಕು.

ಬಾಲ್ ರೇಸರ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲಾಗಿ ಆಟ ಇದ್ದರೆ ಅದನ್ನೂ ಈಗಲೇ ಮುಗಿಸಿ.

ಇನ್ನು ಚಕ್ರ. ರಿಮ್ ಔಟ್ (ಓಲಾಟ) ತೆಗೆದರೆ ಸಾಲದು, ಫೋರ್ಕ್‌ನ ನಟ್ಟನಡುವೆ ಕೂರಬೇಕು. ಒಂದು ಬದಿಗೆ ಬ್ರೇಕ್ ಡ್ರಮ್ ಇರುವ ಹಬ್‌ನಲ್ಲಿ (ಚಕ್ರದ ನಡುಭಾಗ) ರಿಮ್ ಹಬ್‌ನ ನಡುವಿಗೇ ಬರಬೇಕೆಂದಿಲ್ಲ. ಹಾಗಾಗಿ ಹಳೇ ಕಡ್ಡಿ (ಸ್ಪೋಕ್) ಕತ್ತರಿಸುವ ಮುಂಚೆ ಹಬ್ ಅಂಚಿನಿಂದ ರಿಮ್‌ಗೆ ಎಷ್ಟು ದೂರ ಅಂತ ಅಳೆದು ಬರೆದಿಡಿ. ಈ ಒಂದು ಅಳತೆ ತಪ್ಪಿಸಿಕೊಂಡು ಚಕ್ರವನ್ನು ಎರಡು ಸಲ ಕಟ್ಟಿದವನು ನಾನು.

ಕೊನೆಗೆ ದಾರ. ಹಿಂದಿನ ಚಕ್ರ ಚೈನ್ ಸಾಲಿಗೆ ನೇರ ಇದೆಯೇ ನೋಡಿಕೊಂಡು, ಟೈರ್‌ನ ಎರಡೂ ಅಂಚಿಗೆ ತಾಗುವಂತೆ ಎರಡು ದಾರ ಮುಂದಕ್ಕೆ ಎಳೆಯಿರಿ. ಹಿಂದೆ 3.50, ಮುಂದೆ 3.25 ಇಂಚಿನ ಟೈರ್ ಇದ್ದರೆ ಮುಂದಿನ ಟೈರ್‌ನ ಎರಡೂ ಪಕ್ಕ ಹೆಚ್ಚುಕಡಿಮೆ 3 ಮಿ.ಮೀ. ಸಂದು ಕಾಣಬೇಕು. ಅಂಕಿಗಿಂತ ಎರಡೂ ಕಡೆ ಸಮ ಇರುವುದು ಮುಖ್ಯ.

ಬಿಗಿಯುವಾಗ ಆತುರ ಬೇಡ. ಮುಂದಿನ ಬ್ರೇಕ್ ಹಿಡಿದುಕೊಂಡೇ ಆಕ್ಸಲ್ ಬಿಗಿ ಮಾಡಿ, ಬ್ರೇಕ್ ಲೈನರ್ ಡ್ರಮ್‌ನ ನಡುವಿಗೆ ಬರುತ್ತದೆ. ಆಮೇಲೆ ಹ್ಯಾಂಡಲ್ ಮೇಲೆ ಭಾರ ಹಾಕಿ ಫೋರ್ಕನ್ನು ನಾಲ್ಕೈದು ಸಲ ಕುಗ್ಗಿಸಿ. ಕಾಲುಗಳು ತಮ್ಮ ಜಾಗ ತಾವೇ ಹುಡುಕಿಕೊಳ್ಳುತ್ತವೆ. ಫೋರ್ಕ್ ಕಾಲಿನಲ್ಲಿ ಆಕ್ಸಲ್ ಹಿಡಿಯುವ ಕ್ಲಾಂಪ್ ಬೋಲ್ಟ್ ಬಿಗಿಯುವುದು ಅದಾದ ಮೇಲೆಯೇ. ಮೊದಲೇ ಬಿಗಿದರೆ ಒಂದು ಕಾಲು ಓರೆಯಾಗಿ ನಿಂತು ಫೋರ್ಕ್ ಹಿಡಿದುಕೊಳ್ಳುತ್ತದೆ, ಹೊಸ ಆಯಿಲ್ ಸೀಲ್ ಬೇಗ ಸೋರಲು ಶುರುವಾಗುತ್ತದೆ.