ಅಸ್ಥಿ ಆಸ್ತಿಯಾದ ಕಥೆ

ಗುಡ್ಡದ ಬುಡದಲ್ಲಿ ಬಿದ್ದ ಕಂದು ಚೂರು ಕಲ್ಲೋ ಮೂಳೆಯೋ ಎಂದು ಅನುಮಾನ ಬಂದರೆ, ಪಳೆಯುಳಿಕೆ ಹುಡುಕುವವರು ಅದನ್ನು ನಾಲಿಗೆಗೆ ತಾಗಿಸಿ ನೋಡುತ್ತಾರೆ. ಮೂಳೆಯಾದರೆ ಅದರ ಸೂಕ್ಷ್ಮ ರಂಧ್ರಗಳು ಎಂಜಲು ಹೀರಿ ಚೂರು ನಾಲಿಗೆಗೆ ಅಂಟಿಕೊಳ್ಳುತ್ತದೆ. ಬರೀ ಕಲ್ಲಾದರೆ ಸಾಮಾನ್ಯವಾಗಿ ಅಂಟುವುದಿಲ್ಲ. ಆದರೆ ಆ ಮೂಳೆ ಯಾರ ಸೊತ್ತು ಅಂತ ಹೇಳುವ ಇಷ್ಟು ಸಲೀಸಾದ ಪರೀಕ್ಷೆ ಇನ್ನೂ ಹುಟ್ಟಿಲ್ಲ.

ಮೊದಲಿಗೆ ಈ ಪ್ರಶ್ನೆಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 1677ರಲ್ಲಿ ರಾಬರ್ಟ್ ಪ್ಲಾಟ್ ಆಕ್ಸ್‌ಫರ್ಡ್ ಸೀಮೆಯ ತೊಡೆಮೂಳೆಯೊಂದರ ತುಂಡನ್ನು ವರ್ಣಿಸಿದಾಗ ಅದು ದೈತ್ಯ ಮನುಷ್ಯನದೆಂದೇ ನಂಬಿದ್ದ. 'ಡೈನೊಸಾರ್' ಎಂಬ ಹೆಸರು ರಿಚರ್ಡ್ ಓವೆನ್ ಬಾಯಿಂದ ಬಂದದ್ದು 1842ರಲ್ಲಿ. ಹೆಸರು ಬಂತು, ಮುಂದೆ ಪೈಪೋಟಿಯೂ ಬಂತು. 1877ರಲ್ಲಿ ಅಮೆರಿಕದ ವಯೋಮಿಂಗ್‌ನ ಕೋಮೊ ಬ್ಲಫ್‌ನಿಂದ ಇಬ್ಬರು ರೈಲ್ವೆ ನೌಕರರು ಸುಳ್ಳು ಹೆಸರಿನಲ್ಲಿ ಯೇಲ್ ವಿಶ್ವವಿದ್ಯಾಲಯದ ಪಳೆಯುಳಿಕೆ ತಜ್ಞ ಓತ್ನಿಯಲ್ ಮಾರ್ಷ್‌ಗೆ ಕಾಗದ ಬರೆದರು: ಇಲ್ಲಿ ಮೂಳೆಗಳಿವೆ, ಕೊಳ್ಳುತ್ತೀರಾ? ಮಾರ್ಷ್ ಕೊಂಡ. ಆತನ ಕಡುವೈರಿ ಎಡ್ವರ್ಡ್ ಕೋಪ್ ಸುಮ್ಮನಿರುತ್ತಾನೆಯೇ? ಗೂಢಚಾರಿಕೆ ನಡೆಯಿತು, ಆಳುಗಳನ್ನು ಸೆಳೆದದ್ದೂ ಆಯಿತು. ಎದುರಾಳಿಗೆ ಸಿಗಬಾರದೆಂದು ಉಳಿದ ಮೂಳೆಗಳನ್ನು ಒಡೆದುಹಾಕಿದರು ಎಂಬ ಮಾತೂ ಇದೆ. ಇವರ ಜಗಳದಿಂದ ಸ್ಟೆಗೊಸಾರಸ್, ಟ್ರೈಸೆರಾಟಾಪ್ಸ್‌ನಂಥ ಡೈನೊಸಾರ್‌ಗಳು ನಮಗೆ ದಕ್ಕಿದವು, ನಿಜ. ಆದರೆ ಯಾವ ಪದರದಲ್ಲಿ, ಯಾವುದರ ಪಕ್ಕ ಬಿದ್ದಿತ್ತು ಎಂಬ ಲೆಕ್ಕವಿಲ್ಲದೆ ಕಿತ್ತ ಮೂಳೆ ಅರ್ಧ ಮೂಕವಾದಂತೆಯೇ. ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೂಳೆ ಯಾರದ್ದೆಂಬ ದೊಡ್ಡ ಜಗಳ ಕೋರ್ಟಿನ ಮೆಟ್ಟಿಲೇರಿದ್ದು ಬಹಳ ತಡವಾಗಿ. 1990ರ ಆಗಸ್ಟ್‌ನಲ್ಲಿ ದಕ್ಷಿಣ ಡಕೋಟಾದಲ್ಲಿ ಪಳೆಯುಳಿಕೆ ಹುಡುಕುವ ಒಂದು ತಂಡದ ಗಾಡಿಯ ಟೈರು ಕೈಕೊಟ್ಟಿತು. ಉಳಿದವರು ರಿಪೇರಿಗೆಂದು ಊರಿಗೆ ಹೋದಾಗ ಸೂ ಹೆಂಡ್ರಿಕ್ಸನ್ ಒಬ್ಬಳೇ ಅಲ್ಲೇ ಇದ್ದ ಒಂದು ದಿಬ್ಬದತ್ತ ನಡೆದಳು. ನೆಲದ ಮೇಲೆ ಮೂಳೆಯ ಚೂರುಗಳು ಕಂಡವು. ತಲೆಯೆತ್ತಿದರೆ ದಿಬ್ಬದ ಗೋಡೆಯಲ್ಲಿ ಬೆನ್ನುಮೂಳೆ! ಅದು ಮಾಂಸಾಹಾರಿ ಡೈನೊಸಾರ್ ಟಿರನೊಸಾರಸ್ ರೆಕ್ಸ್, ಅಂದರೆ ಟಿ. ರೆಕ್ಸ್. ತಂಡ ಜಮೀನುದಾರನಿಗೆ 5,000 ಡಾಲರ್ ಚೆಕ್ ಕೊಟ್ಟು, ಮೂಳೆಗಳಿಗೆ ಪ್ಲಾಸ್ಟರ್ ಹೊದಿಸಿ, ತಮ್ಮ ಸಂಸ್ಥೆಗೆ ಸಾಗಿಸಿತು.

1992ರಲ್ಲಿ ಎಫ್‌ಬಿಐ ಬಂದು ಅಷ್ಟನ್ನೂ ಎತ್ತಿಕೊಂಡು ಹೋಯಿತು. ಮೂಲನಿವಾಸಿಯಾದ ಆ ಜಮೀನುದಾರನ ಪರವಾಗಿ ನೆಲವನ್ನು ಸರ್ಕಾರ ಟ್ರಸ್ಟ್‌ನಲ್ಲಿ ಇಟ್ಟುಕೊಂಡಿತ್ತು. ಸರ್ಕಾರದ ಒಪ್ಪಿಗೆ ಇಲ್ಲದೆ ಅದನ್ನು ಮಾರುವಂತಿರಲಿಲ್ಲ. ಹಾಗಾದರೆ ಮೂಳೆ? ಕೋಟ್ಯಂತರ ವರ್ಷ ಮಣ್ಣೊಳಗೆ ಮಲಗಿದ್ದ ಮೂಳೆಯೂ ನೆಲದ ಭಾಗವೇ ಎಂದಿತು ಕೋರ್ಟು. ಒಂದು ಕಾಲಕ್ಕೆ ಓಡಾಡಿದ ಪ್ರಾಣಿ, ಕಾನೂನಿನ ಕಣ್ಣಿಗೆ ಸ್ಥಿರಾಸ್ತಿ. 1997ರ ಹರಾಜಿನಲ್ಲಿ, ಹುಡುಕಿದವಳ ಹೆಸರನ್ನೇ ಪಡೆದ ಆ 'ಸೂ'ವನ್ನು ಷಿಕಾಗೊದ ಫೀಲ್ಡ್ ಮ್ಯೂಸಿಯಂ ಸುಮಾರು 83.6 ಲಕ್ಷ ಡಾಲರ್‌ಗೆ ಕೊಂಡಿತು, ಅದೂ ಮೆಕ್‌ಡೊನಾಲ್ಡ್ಸ್ ಮತ್ತು ಡಿಸ್ನಿಯ ನೆರವಿನಿಂದ.

ಅಲ್ಲಿಂದ ಮುಂದೆ ಬೆಲೆಗೆ ಕಡಿವಾಣವಿಲ್ಲ. 2020ರಲ್ಲಿ ಟಿ. ರೆಕ್ಸ್ 'ಸ್ಟ್ಯಾನ್' 3.18 ಕೋಟಿ ಡಾಲರ್, 2024ರಲ್ಲಿ ಸ್ಟೆಗೊಸಾರಸ್ 'ಏಪೆಕ್ಸ್' 4.46 ಕೋಟಿ. ಯಾವ ಮ್ಯೂಸಿಯಂ ಕೈಗೆ ನಿಲುಕೀತು? ಮಂಗೋಲಿಯಾದಲ್ಲಾದರೆ ಪಳೆಯುಳಿಕೆ ದೇಶದ ಸೊತ್ತು. 2012ರಲ್ಲಿ ನ್ಯೂಯಾರ್ಕ್‌ನಲ್ಲಿ ಹರಾಜಾದ, ಟಿ. ರೆಕ್ಸ್‌ನ ನಂಟ ಟಾರ್ಬೊಸಾರಸ್‌ನ ಅಸ್ಥಿಪಂಜರ ಕಳ್ಳಸಾಗಣೆಯದೆಂದು ಅಮೆರಿಕ ಮುಟ್ಟುಗೋಲು ಹಾಕಿ, ಮರುವರ್ಷ ಮಂಗೋಲಿಯಾಕ್ಕೆ ಮರಳಿಸಿತು. ಆ ದಾವೆಯಲ್ಲಿ ಪ್ರತಿವಾದಿ ಅಸ್ಥಿಪಂಜರವೇ!

ಅಮೆರಿಕದ ಮೊಂಟಾನಾ ರಾಜ್ಯದ ಪ್ರಸಂಗ ಇನ್ನೂ ವಿಚಿತ್ರ. ಅಲ್ಲಿ 2006ರಲ್ಲಿ ಒಂದು ಟ್ರೈಸೆರಾಟಾಪ್ಸ್, ಪಕ್ಕದಲ್ಲೇ ಒಂದು ಟಿರನೊಸಾರ್ ಒಟ್ಟಿಗೆ ಸಿಕ್ಕವು. ನೆಲದ ಮೇಲ್ಮೈ ಒಬ್ಬರದ್ದು, ಖನಿಜದ ಹಕ್ಕಿನ ದೊಡ್ಡ ಪಾಲು ಇನ್ನೊಬ್ಬರದ್ದು. ಹಾಗಾದರೆ ಮೂಳೆ ಖನಿಜವೇ? 2018ರಲ್ಲಿ ಮೇಲ್ಮನವಿ ಕೋರ್ಟು ಹೌದೆಂದಿತು. 2020ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅಲ್ಲವೆಂದಿತು. ಅಷ್ಟೂ ವರ್ಷ ಮೂಳೆಗಳು ಪ್ಲಾಸ್ಟರ್ ಹೊದ್ದು ಕಾದವು. ಕೊನೆಗೆ ಉತ್ತರ ಕೆರೊಲಿನಾದ ಮ್ಯೂಸಿಯಂ ಅವನ್ನು ಕೊಂಡು, ಸಂಶೋಧಕರು ಕೂತು ಅಧ್ಯಯನ ಮಾಡಿದಾಗ ತಿಳಿದದ್ದು: ಟಿ. ರೆಕ್ಸ್ ಮರಿ ಅಂದುಕೊಂಡಿದ್ದ ಆ ಚಿಕ್ಕ ಪ್ರಾಣಿ ಮರಿಯೇ ಅಲ್ಲ, ಬೇರೆಯದೇ ಜಾತಿಯ, ಹೆಚ್ಚುಕಡಿಮೆ ಪೂರ್ತಿ ಬೆಳೆದ ನ್ಯಾನೊಟಿರನಸ್.