ಪುಕ್ಕಟೆ ಕೊಟ್ಟರೂ ಬೇಡವಾದ ಚಿಪ್: ಇಂಟೆಲ್ ಮೇಲಿನ ಕೇಸು ಬೆಳೆದ ಬಗೆ

ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವ ಲೋಕ ಇದು. ಆದರೆ 2002ರಲ್ಲಿ ಚಿಪ್ ಮಾಡುವ ಎಎಂಡಿ ಕಂಪನಿ, ಕಂಪ್ಯೂಟರಿನ ಮೆದುಳು ಅನ್ನಿಸುವ 10 ಲಕ್ಷ ಪ್ರೊಸೆಸರ್‌ಗಳನ್ನು ಬಿಟ್ಟಿ ಕೊಡುತ್ತೇವೆ ಎಂದು ಕಂಪ್ಯೂಟರ್ ಮಾಡುವ ಎಚ್‌ಪಿ ಬಾಗಿಲಿಗೆ ಹೋದಾಗ ಎಚ್‌ಪಿ ತೆಗೆದುಕೊಂಡಿದ್ದು 1.6 ಲಕ್ಷ ಮಾತ್ರ. ಉಳಿದದ್ದು ಬೇಡ ಅಂದಿತು. ಚಿಪ್ ಚೆನ್ನಾಗಿರಲಿಲ್ಲ ಅಂತಲ್ಲ. ಅಷ್ಟನ್ನೂ ತೆಗೆದುಕೊಂಡರೆ ಎಎಂಡಿಯ ದೊಡ್ಡ ಎದುರಾಳಿ ಇಂಟೆಲ್ ಕೊಡುತ್ತಿದ್ದ ಡಿಸ್ಕೌಂಟ್ ಕೈತಪ್ಪುತ್ತಿತ್ತು. ಮುಂದೆ ಕೋರ್ಟಿಗೆ ಹೋದಾಗ ಎಎಂಡಿ ತನ್ನ ದೂರಿನಲ್ಲಿ ಹೇಳಿದ್ದು ಹೀಗೆ.

ಇವೆರಡರ ಜಗಳ ಹಳೆಯದು. 1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿಗೆ ಇಂಟೆಲ್‌ನ 8088 ಚಿಪ್ ಆರಿಸಿಕೊಂಡಿತು. ಒಬ್ಬನನ್ನೇ ನಂಬಿ ಕೂರುವುದು ಐಬಿಎಂಗೆ ಬೇಕಿರಲಿಲ್ಲ, ಅದೇ ಚಿಪ್ ಮಾಡಿಕೊಡುವ ಇನ್ನೊಬ್ಬರೂ ಇರಲಿ ಅಂದಿತು. ಹಾಗಾಗಿ 1982ರಲ್ಲಿ ಇಂಟೆಲ್ ಮತ್ತು ಎಎಂಡಿ ಒಪ್ಪಂದ ಮಾಡಿಕೊಂಡವು. ಪಿಸಿ ಊರೂರಿಗೆ ಹರಡಿತು. ಹೊಸ ಪೀಳಿಗೆಯ 386 ಚಿಪ್ ಬರುವ ಹೊತ್ತಿಗೆ ಇಂಟೆಲ್‌ಗೆ ಪಾಲುದಾರ ಬೇಡವಾಗಿದ್ದ. ಎಎಂಡಿ ಮಧ್ಯಸ್ಥರ ಪಂಚಾಯ್ತಿಗೆ ಹೋಯಿತು, ವರ್ಷಗಟ್ಟಲೆ ಎಳೆದಾಡಿ 1995ರಲ್ಲಿ ರಾಜಿಯಾಯಿತು.

1991ರಲ್ಲಿ 'ಇಂಟೆಲ್ ಇನ್‌ಸೈಡ್' ಶುರುವಾಯಿತು. ಆ ಸ್ಟಿಕ್ಕರ್ ನೋಡದವರು ಯಾರಿದ್ದಾರೆ? ಕಂಪ್ಯೂಟರ್ ಮಾಡುವವರು ಜಾಹೀರಾತಿನಲ್ಲಿ ಇಂಟೆಲ್ ಗುರುತು ಹಾಕಿದರೆ, ಆ ಜಾಹೀರಾತಿನ ಖರ್ಚಿನಲ್ಲಿ ಒಂದು ಪಾಲು ಇಂಟೆಲ್‌ನಿಂದ ವಾಪಸ್ ಬರುತ್ತಿತ್ತು. ಇದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಚಿಪ್ ಕೊಂಡವನಿಗೆ ಚಿಪ್ ಮಾರಿದವನಿಂದಲೇ ದುಡ್ಡು ಬರುವುದು ಆಗಿನಿಂದಲೇ ರೂಢಿಯಾಯಿತು.

ಆಮೇಲೆ ಎಎಂಡಿ ನಿಜಕ್ಕೂ ಒಳ್ಳೆಯ ಚಿಪ್ ಮಾಡತೊಡಗಿತು. 1999ರಲ್ಲಿ ಅಥ್ಲಾನ್ ಬಂತು. 2003ರಲ್ಲಿ ಆಪ್ಟೆರಾನ್. ಹಳೆಯ ಸಾಫ್ಟ್‌ವೇರನ್ನೂ ಓಡಿಸುತ್ತಾ, ಒಮ್ಮೆಗೇ ಹೆಚ್ಚು ಮಾಹಿತಿ ನಿಭಾಯಿಸುವ 64 ಬಿಟ್‌ಗೆ ಏರುವ ದಾರಿ ತೋರಿಸಿದ್ದು ಎಎಂಡಿ. ಇಂಟೆಲ್ ಇಟೇನಿಯಂ ಎಂಬ ಬೇರೆಯದೇ ಚಿಪ್ಪಿನ ಹಿಂದೆ ಬಿದ್ದಿತ್ತು, ಮರುವರ್ಷವೇ ಎಎಂಡಿ ದಾರಿಗೆ ಬಂತು. ಇಷ್ಟಾದರೂ ದೊಡ್ಡ ಕಂಪನಿಗಳ ಕಂಪ್ಯೂಟರಿನಲ್ಲಿ ಎಎಂಡಿಗೆ ಜಾಗ ಸಿಗುವುದು ಕಷ್ಟವಾಗಿತ್ತು. ಡೆಲ್ ಅಂತೂ 2006ರವರೆಗೆ ಒಂದೇ ಒಂದು ಎಎಂಡಿ ಚಿಪ್ ಹಾಕಲಿಲ್ಲ.

ಡಿಸ್ಕೌಂಟ್ ಕೊಟ್ಟರೆ ಗಿರಾಕಿಗೆ ಲಾಭ ತಾನೇ, ಅದು ಹೇಗೆ ಅಪರಾಧ ಆಗುತ್ತದೆ? ಇದು ಸಹಜವಾದ ಪ್ರಶ್ನೆ. ಒಂದು ಲೆಕ್ಕ ಹಾಕೋಣ, ಅಂಕಿಗಳು ಸುಮ್ನೆ ಉದಾಹರಣೆಗೆ. ಒಬ್ಬ ಕಂಪ್ಯೂಟರ್ ತಯಾರಕನಿಗೆ 100 ಚಿಪ್ ಬೇಕು. ಅದರಲ್ಲಿ 80 ಇಂಟೆಲ್‌ನದ್ದೇ ಆಗಬೇಕು, ಯಾಕೆಂದರೆ ಅವನ ಗಿರಾಕಿಗಳು ಅದನ್ನೇ ಕೇಳುತ್ತಾರೆ. ಪೈಪೋಟಿ ಇರುವುದು ಉಳಿದ 20ಕ್ಕೆ. ಇಂಟೆಲ್ ಬೆಲೆ 100 ರೂಪಾಯಿ. 95ಕ್ಕಿಂತ ಜಾಸ್ತಿ ನಮ್ಮಲ್ಲೇ ಕೊಂಡರೆ ಎಲ್ಲ ಚಿಪ್ಪಿಗೂ 10 ರೂಪಾಯಿ ಬಿಡುತ್ತೇವೆ ಅನ್ನುತ್ತದೆ. ನೂರಕ್ಕೆ ನೂರೂ ಇಂಟೆಲ್ ಕೊಂಡರೆ ಖರ್ಚು 9,000 ರೂಪಾಯಿ. 20 ಚಿಪ್ ಎಎಂಡಿಯಿಂದ ತಂದರೆ ಉಳಿದ 80ಕ್ಕೂ ರಿಯಾಯಿತಿ ಹೋಯಿತು, ಅದಕ್ಕೇ 8,000 ಬೇಕು. ಅಂದರೆ ಎಎಂಡಿ ತನ್ನ ಚಿಪ್ ಅನ್ನು 50 ರೂಪಾಯಿಗೆ ಕೊಡಬೇಕು, ಇಲ್ಲದಿದ್ದರೆ ಕೊಳ್ಳುವವನಿಗೆ ನಷ್ಟ. ಚಿಪ್ ಮಾಡುವ ಖರ್ಚೇ 60 ರೂಪಾಯಿ ಆದರೆ? ಇಂಟೆಲ್ 90ಕ್ಕೆ ಮಾರಿ ಲಾಭ ಮಾಡುತ್ತಿರುತ್ತದೆ, ಅಷ್ಟೇ ಚೆನ್ನಾಗಿ ಕೆಲಸ ಮಾಡುವ ಎದುರಾಳಿ ಮಾತ್ರ ಮುಳುಗುತ್ತಾನೆ. ಬಿಟ್ಟಿ ಚಿಪ್ಪೂ ದುಬಾರಿ ಆಗಿದ್ದು ಹೀಗೆ.

2000ದಲ್ಲೇ ಎಎಂಡಿ ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿತ್ತು. ಆದರೆ ಮೊದಲು ಕೈ ಹಾಕಿದ್ದು ಜಪಾನ್. ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯೇ ಎಂದು ನೋಡುವ ಅಲ್ಲಿನ ಸ್ಪರ್ಧಾ ಆಯೋಗ 2004ರಲ್ಲಿ ದಾಳಿ ಮಾಡಿತು. ಫುಜಿಟ್ಸು, ಹಿಟಾಚಿ, ಎನ್‌ಇಸಿ, ಸೋನಿ, ತೋಷಿಬಾಗಳ ಜೊತೆ ಇಂಟೆಲ್ ನಡೆದುಕೊಂಡ ರೀತಿ ಸರಿಯಿಲ್ಲ ಎಂದು 2005ರ ಮಾರ್ಚ್‌ನಲ್ಲಿ ಹೇಳಿತು. ತಪ್ಪು ಮಾಡಿದ್ದೇವೆ ಅನ್ನದೆಯೇ ಇಂಟೆಲ್ ಆ ಆದೇಶಕ್ಕೆ ತಲೆಬಾಗಿತು. ಅದೇ ಜೂನ್‌ನಲ್ಲಿ ಎಎಂಡಿ ಅಮೆರಿಕದ ಡೆಲವೇರ್ ಕೋರ್ಟಿನಲ್ಲಿ ಕೇಸು ಹಾಕಿತು. 2008ರಲ್ಲಿ ದಕ್ಷಿಣ ಕೊರಿಯಾ ಕೂಡ ದಂಡ ಹಾಕಿತು.

ದೊಡ್ಡ ಪೆಟ್ಟು ಬಿದ್ದಿದ್ದು 2009ರ ಮೇ 13ರಂದು. ಯುರೋಪಿಯನ್ ಕಮಿಷನ್ 106 ಕೋಟಿ ಯೂರೋ ದಂಡ ವಿಧಿಸಿತು. ಒಂದೇ ಕಂಪನಿಯ ಮೇಲೆ ಅಲ್ಲಿಯವರೆಗೆ ಅಷ್ಟು ದೊಡ್ಡ ದಂಡ ಬಿದ್ದಿರಲಿಲ್ಲ. 2017ರಲ್ಲಿ ಗೂಗಲ್ ಬಂದು ಆ ದಾಖಲೆ ಮುರಿಯಿತು. ಆಗ ಇಂಟೆಲ್ ಜಾಹೀರಾತಿನಲ್ಲಿ 'ನಾಳೆಯ ಪ್ರಾಯೋಜಕರು' ಎಂದು ಹೇಳಿಕೊಳ್ಳುತ್ತಿತ್ತು. ಇನ್ನು ಮೇಲೆ ಯುರೋಪಿನ ತೆರಿಗೆದಾರರ ಪ್ರಾಯೋಜಕರು ಅಂತಲೂ ಹಾಕಿಕೊಳ್ಳಬಹುದು ಎಂದು ಸ್ಪರ್ಧಾ ಖಾತೆಯ ಕಮಿಷನರ್ ನೀಲಿ ಕ್ರೂಸ್ ಕಾಲೆಳೆದರು.

ಕಮಿಷನ್ ಬಯಲು ಮಾಡಿದ ವಿವರಗಳು ಸ್ವಾರಸ್ಯವಾಗಿವೆ. ಡಿಸ್ಕೌಂಟ್ ಬೇಕೆಂದರೆ ಎಚ್‌ಪಿ ಕಚೇರಿ ಬಳಕೆಯ ಡೆಸ್ಕ್‌ಟಾಪ್‌ಗಳಿಗೆ ಬೇಕಾದ ಚಿಪ್‌ಗಳಲ್ಲಿ ಶೇ. 95ನ್ನು, ಎನ್‌ಇಸಿ ಶೇ. 80ನ್ನು ಇಂಟೆಲ್‌ನಿಂದಲೇ ಕೊಳ್ಳಬೇಕು. ಲೆನೊವೊ ಲ್ಯಾಪ್‌ಟಾಪ್‌ಗಳಿಗಂತೂ ಪೂರ್ತಿ ಇಂಟೆಲ್. ಮೀಡಿಯಾ ಮಾರ್ಕ್ಟ್ ಮಳಿಗೆಗಳನ್ನು ನಡೆಸುವ ಕಂಪನಿಗೂ ದುಡ್ಡು ಹೋಗುತ್ತಿತ್ತು, ಇಂಟೆಲ್ ಪಿಸಿಗಳನ್ನಷ್ಟೇ ಮಾರಬೇಕೆಂಬ ಷರತ್ತಿನ ಮೇಲೆ. ಇವೆಲ್ಲ ಕಾಗದದ ಮೇಲೆ ಇರಲಿಲ್ಲ, ಬಾಯಿಮಾತಿನ ಷರತ್ತುಗಳು. ಎಎಂಡಿಗೆ ಶೇ. 5ರ ಮಿತಿ ಇದೆ ಅನ್ನುವುದನ್ನು ಯಾರಿಗೂ ಹೇಳಬೇಡಿ ಎಂದು ಎಚ್‌ಪಿ ಅಧಿಕಾರಿಯೊಬ್ಬರು ಇಮೇಲ್‌ನಲ್ಲಿ ಬರೆದಿದ್ದರು. ವ್ಯಾಪಾರ ನ್ಯಾಯವಾಗಿದ್ದರೆ ಗುಟ್ಟು ಯಾಕೆ ಬೇಕಿತ್ತು ಅಂತ ನನಗನ್ನಿಸುತ್ತದೆ.

ಡೆಲ್ ಕಥೆ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆಯಿಂದ ಬಯಲಾಯಿತು. ಒಂದು ತ್ರೈಮಾಸಿಕದಲ್ಲಿ ಡೆಲ್‌ನ ಕಾರ್ಯಾಚರಣೆ ಲಾಭದ ಶೇ. 76ರಷ್ಟು ಇಂಟೆಲ್ ಕೊಟ್ಟ ದುಡ್ಡೇ ಆಗಿತ್ತು! ಹೂಡಿಕೆದಾರರಿಂದ ಇದನ್ನು ಮುಚ್ಚಿಟ್ಟ ಆರೋಪಕ್ಕೆ 2010ರಲ್ಲಿ ಡೆಲ್ 10 ಕೋಟಿ ಡಾಲರ್ ಕಟ್ಟಿತು, ತಪ್ಪು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಎಎಂಡಿ ಅಷ್ಟರಲ್ಲಿ ಕೇಸಿನಿಂದ ಹಿಂದೆ ಸರಿದಿತ್ತು. 2009ರ ನವೆಂಬರ್‌ನಲ್ಲಿ ಇಂಟೆಲ್‌ನಿಂದ 125 ಕೋಟಿ ಡಾಲರ್ ಪಡೆದು ರಾಜಿ ಮಾಡಿಕೊಂಡಿತು. ಮುಂದಿನ ತಿಂಗಳು ಅಮೆರಿಕದ ಸ್ಪರ್ಧಾ ನಿಯಂತ್ರಕ ಫೆಡರಲ್ ಟ್ರೇಡ್ ಕಮಿಷನ್ ಇಂಟೆಲ್ ಮೇಲೆ ಕೇಸು ಹಾಕಿತು, 2010ರ ಆಗಸ್ಟ್‌ನಲ್ಲಿ ಅದೂ ದಂಡವಿಲ್ಲದೆ ಮುಗಿಯಿತು.

ಯುರೋಪಿನ ಕೇಸು ಮಾತ್ರ ಮುಗಿಯಲೇ ಇಲ್ಲ. 2014ರಲ್ಲಿ ಯುರೋಪಿಯನ್ ಒಕ್ಕೂಟದ ಜನರಲ್ ಕೋರ್ಟ್ ದಂಡ ಸರಿ ಅಂದಿತು. 2017ರಲ್ಲಿ ಅದರ ಮೇಲಿನ ಕೋರ್ಟ್, ಇಂಟೆಲ್‌ನ ವಾದವನ್ನು ಪೂರ್ತಿ ನೋಡಿಲ್ಲ, ಇನ್ನೊಮ್ಮೆ ನೋಡಿ ಎಂದು ವಾಪಸ್ ಕಳಿಸಿತು. ಅಷ್ಟೇ ಸಮರ್ಥನಾದ ಎದುರಾಳಿಯೂ ಹೊರಬೀಳುತ್ತಿದ್ದನೇ, ಇದೇ ಪ್ರಶ್ನೆ. ಅದಕ್ಕೆ ನಾವು ಮೇಲೆ ಹಾಕಿದಂಥ ಲೆಕ್ಕವೇ ಬೇಕು. ಕಮಿಷನ್ ಆ ಲೆಕ್ಕ ಹಾಕಿತ್ತು, ಆದರೆ ಅದರಲ್ಲಿ ತಪ್ಪುಗಳಿವೆ ಎಂದು 2022ರ ಜನವರಿಯಲ್ಲಿ ಜನರಲ್ ಕೋರ್ಟ್ ದಂಡ ರದ್ದು ಮಾಡಿತು. ದುಡ್ಡು ವಾಪಸ್ ಸಿಕ್ಕ ಇಂಟೆಲ್ 59.3 ಕೋಟಿ ಯೂರೋ ಬಡ್ಡಿಯನ್ನೂ ಕೇಳಿತು! ಎಎಂಡಿ ಚಿಪ್ಪಿನ ಕಂಪ್ಯೂಟರ್‌ಗಳನ್ನು ತಡಮಾಡಲು ಎಚ್‌ಪಿ, ಏಸರ್, ಲೆನೊವೊಗಳಿಗೆ ದುಡ್ಡು ಕೊಟ್ಟ ಆರೋಪ ಮಾತ್ರ ಉಳಿಯಿತು. ಅದಕ್ಕೆ ಕಮಿಷನ್ 2023ರಲ್ಲಿ ಹೊಸದಾಗಿ 37.6 ಕೋಟಿ ಯೂರೋ ದಂಡ ಹಾಕಿತು, ಇಂಟೆಲ್ ಅದರ ಮೇಲೂ ಕೋರ್ಟಿಗೆ ಹೋಯಿತು.

ನಮ್ಮ ಕಡೆಗೂ ಈ ಎಳೆ ಬಂದಿದೆ. ಇಸಿಸ್ ಎಂಬ ವಿತರಕ ಕಂಪನಿ ಕೊಟ್ಟ ದೂರನ್ನು ಭಾರತದ ಸ್ಪರ್ಧಾ ಆಯೋಗ 2014ರಲ್ಲಿ ಕೈಬಿಟ್ಟಿತು. ಇಂಟೆಲ್ ಪ್ರಬಲವಾಗಿದೆ, ಆದರೆ ಆ ಬಲವನ್ನು ದುರುಪಯೋಗ ಮಾಡಿಲ್ಲ ಅಂದಿತು. ಇನ್ನೊಂದು ದೂರು ವಾರಂಟಿಯದು. ಡಬ್ಬದಲ್ಲಿ ಮಾರುವ ಪ್ರೊಸೆಸರ್ ವಿದೇಶದಿಂದ ತರಿಸಿದ್ದಾದರೆ ಇಲ್ಲಿ ವಾರಂಟಿ ಇಲ್ಲ, ಭಾರತದ ಅಧಿಕೃತ ವಿತರಕರಿಂದ ಕೊಂಡಿದ್ದಕ್ಕೆ ಮಾತ್ರ ಎಂಬ ಆಗಿನ ನಿಯಮದ ಬಗ್ಗೆ. ಆಯೋಗ 2019ರಲ್ಲಿ ತನಿಖೆಗೆ ಆದೇಶಿಸಿತು. ಇಂಟೆಲ್ ಬೆಂಗಳೂರಿನಲ್ಲಿ ನಮ್ಮ ಹೈಕೋರ್ಟಿಗೆ ಬಂದು ಪ್ರಶ್ನಿಸಿತು, ಅರ್ಜಿ ವಜಾ ಆಯಿತು.

2024ರ ಅಕ್ಟೋಬರ್ 24ರಂದು ಯುರೋಪಿನ ಮೇಲಿನ ಕೋರ್ಟ್ ಕಮಿಷನ್‌ನ ಮೇಲ್ಮನವಿ ತಳ್ಳಿಹಾಕಿತು, 106 ಕೋಟಿಯ ದಂಡ ಶಾಶ್ವತವಾಗಿ ಹೋಯಿತು. ಎಎಂಡಿ ದೂರು ಕೊಟ್ಟು ಆಗಲೇ 24 ವರ್ಷ. ಷೇರುಪೇಟೆಯ ಮೌಲ್ಯದಲ್ಲಿ ಎಎಂಡಿ ಎರಡು ವರ್ಷದ ಹಿಂದೆಯೇ ಇಂಟೆಲನ್ನು ದಾಟಿತ್ತು. ತೀರ್ಪು ಬಂದ ಹದಿನೈದೇ ದಿನಕ್ಕೆ, ನವೆಂಬರ್ 8ರಂದು, ಅಮೆರಿಕದ ಡೌ ಜೋನ್ಸ್ ಸೂಚ್ಯಂಕದ 30 ಕಂಪನಿಗಳ ಪಟ್ಟಿಯಿಂದ ಇಂಟೆಲ್ ಹೊರಬಿತ್ತು. ಆ ಜಾಗಕ್ಕೆ ಬಂದಿದ್ದು ಇನ್ನೊಂದು ಚಿಪ್ ಕಂಪನಿ ಎನ್‌ವಿಡಿಯಾ. ಅದರ ಫ್ರಾನ್ಸ್ ಕಚೇರಿಗೆ ಅಲ್ಲಿನ ಸ್ಪರ್ಧಾ ಅಧಿಕಾರಿಗಳು ತಪಾಸಣೆಗೆ ಹೋಗಿ ಬಂದು ಆಗಲೇ ವರ್ಷ ಕಳೆದಿತ್ತು.