ಕಾರಿನ ಬ್ಯಾಟರಿಯನ್ನು ಯುಪಿಎಸ್‌ಗೆ ಹಾಕಬಹುದಾ?

ಕಾರಿನ ಬ್ಯಾಟರಿಯೂ 12 ವೋಲ್ಟ್, ಮನೆಯ ಯುಪಿಎಸ್ ಬ್ಯಾಟರಿಯೂ 12 ವೋಲ್ಟ್. ಎರಡರೊಳಗೂ ಸೀಸದ ಪ್ಲೇಟು, ಸಲ್ಫ್ಯೂರಿಕ್ ಆಸಿಡ್. ಹಾಗಾದರೆ ಸುಮ್ನೆ ಬಿದ್ದಿರುವ ಕಾರಿನ ಬ್ಯಾಟರಿಯನ್ನೇ ಯುಪಿಎಸ್‌ಗೆ ಜೋಡಿಸಿದರೆ ಆಗಲ್ವಾ? ಆಗುತ್ತದೆ, ಲೈಟೂ ಉರಿಯುತ್ತದೆ. ಆದರೆ ಬ್ಯಾಟರಿ ಬೇಗ ಕೈಕೊಡುತ್ತದೆ.

ಕಾರು ಸ್ಟಾರ್ಟ್ ಆಗುವ ಒಂದೆರಡು ಸೆಕೆಂಡು ನೂರಾರು ಆಂಪಿಯರ್ ಕರೆಂಟು ಬೇಕು. ಅಷ್ಟು ಒಮ್ಮೆಲೇ ಬರಬೇಕಾದರೆ ಪ್ಲೇಟಿಗೆ ಆಸಿಡ್ ತಾಗುವ ಜಾಗ ಜಾಸ್ತಿ ಇರಬೇಕು. ಅದಕ್ಕೇ ತೆಳು ಪ್ಲೇಟುಗಳನ್ನು ಒತ್ತೊತ್ತಾಗಿ ಇಟ್ಟಿರುತ್ತಾರೆ. ಎಂಜಿನ್ ಓಡತೊಡಗಿದ ಮೇಲೆ ಆಲ್ಟರ್ನೇಟರ್ ಮತ್ತೆ ಚಾರ್ಜ್ ತುಂಬಿಸುತ್ತದೆ. ಯುಪಿಎಸ್ ಕಥೆ ಉಲ್ಟಾ: ಕರೆಂಟು ಬರುವವರೆಗೂ ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಕೊಡುತ್ತಿರಬೇಕು. ಹೀಗೆ ಪದೇ ಪದೇ ತಳ ಕಂಡರೆ ತೆಳು ಪ್ಲೇಟಿಗೆ ಮೆತ್ತಿದ ಪದಾರ್ಥ ಉದುರುತ್ತದೆ. ಯುಪಿಎಸ್‌ಗೆ ಹಾಕುವ ಟ್ಯೂಬುಲರ್ ಬ್ಯಾಟರಿಯಲ್ಲಿ ಅದನ್ನು ಬಟ್ಟೆಯಂಥ ಕೊಳವೆಗಳೊಳಗೆ ತುಂಬಿರುವುದರಿಂದ ಅಷ್ಟು ಸುಲಭಕ್ಕೆ ಉದುರುವುದಿಲ್ಲ.

ಖಾಲಿಯಾಗುವಾಗ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ, ಚಾರ್ಜ್ ಮಾಡಿದರೆ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಮಾತ್ರ ಗಟ್ಟಿ ಹರಳಾಗಿ ಅಲ್ಲೇ ಉಳಿಯುತ್ತದೆ. ಊರಿಗೆ ಹೊರಡುವಾಗ ಮೇನ್ ಸ್ವಿಚ್ ತೆಗೆದು, ಯುಪಿಎಸ್ ಆಫ್ ಮಾಡಲು ಮರೆಯುವವರ ಬ್ಯಾಟರಿ ಕೆಡುವುದು ಹೀಗೆಯೇ. ಇನ್ನು ನೀರು. ಚಾರ್ಜ್ ಆಗುವಾಗ ಒಂದಿಷ್ಟು ನೀರು ಹೈಡ್ರೋಜನ್, ಆಕ್ಸಿಜನ್ ಆಗಿ ಹೊರಹೋಗುತ್ತದೆ. ಕಮ್ಮಿಯಾಗುವುದು ನೀರು ಮಾತ್ರ, ಆಸಿಡ್ ಅಲ್ಲ. ಆದ್ದರಿಂದ ಹಾಕಬೇಕಾದದ್ದೂ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಹಾಕಿದರೆ ಅದರ ಲವಣಗಳೆಲ್ಲ ಒಳಗೇ ಸೇರಿಕೊಳ್ಳುತ್ತವೆ. ಹೈಡ್ರೋಜನ್ ಬೆಂಕಿ ಹೊತ್ತಿಕೊಳ್ಳುವ ಅನಿಲ, ಹಾಗಾಗಿ ಬ್ಯಾಟರಿಯನ್ನು ಗಾಳಿಯಾಡದ ಕಪಾಟಿನಲ್ಲಿ ಇಡಬಾರದು.

ಗೋಡೆ ಗಡಿಯಾರ, ಟಿವಿ ರಿಮೋಟಿಗೆ ಇಷ್ಟೆಲ್ಲ ತಲೆನೋವಿಲ್ಲ. 1.5 ವೋಲ್ಟಿನ ಅಗ್ಗದ ಸತು-ಕಾರ್ಬನ್ ಸೆಲ್ಲೇ ಸಾಕು. ಮೋಟರ್ ಇರುವ ಆಟಿಕೆಗೆ ಆಲ್ಕಲೈನ್ ಸೆಲ್ ಹಾಕಿ, ಜಾಸ್ತಿ ಬಾಳುತ್ತದೆ.

ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ್ದು 1859ರಲ್ಲಿ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿ ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಸೀಸದ ಒಂದು ಸೆಲ್ ಕೊಡುವುದು ಸುಮಾರು 2 ವೋಲ್ಟ್, ಫೋನಿನ ಲಿಥಿಯಂ ಸೆಲ್ ಕೊಡುವುದು 3.7ರಷ್ಟು. ತೂಕವೂ ತೀರಾ ಕಮ್ಮಿ. ಸೀಸ ಹೊತ್ತ ಮೊಬೈಲ್ ಜೇಬಿನಲ್ಲಿ ನಿಲ್ಲುತ್ತಿತ್ತೇ? ಮೂಲೆಯಲ್ಲಿ ಕೂರುವ ಯುಪಿಎಸ್‌ಗೆ ತೂಕದ ಚಿಂತೆಯಿಲ್ಲ. ಲಿಥಿಯಂ ಯುಪಿಎಸ್‌ಗಳೂ ಈಗ ಸಿಗುತ್ತವೆ. ನೀರು ಹಾಕುವ ಕೆಲಸ ತಪ್ಪುತ್ತದೆ, ಕೊಳ್ಳುವಾಗ ದುಡ್ಡು ಮಾತ್ರ ಜಾಸ್ತಿ ಎಣಿಸಬೇಕು. ಸೀಸದ್ದಾದರೆ ಹಳೆಯದನ್ನು ಅಂಗಡಿಗೇ ಕೊಟ್ಟು ಹೊಸದರ ಬೆಲೆಯಲ್ಲಿ ಒಂದಿಷ್ಟು ಇಳಿಸಿಕೊಳ್ಳಬಹುದು. ಆ ಸೀಸವನ್ನು ಕರಗಿಸಿ ಮತ್ತೆ ಬ್ಯಾಟರಿಗೇ ಬಳಸುತ್ತಾರೆ.